ಕೆಂಪು ಚೀಲದ ಗುರುತು

ಪರಿಕಿಯಾ, ಪಾರೊಸ್ ದ್ವೀಪ
3 ನವೆಂಬರ್ 1983

ಮೆರೋಪಿಯವರಿಗೆ ನಮಸ್ಕಾರ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಬಂದರಿನ ಹಿಂದಿನ ಬೀದಿಯಲ್ಲಿ ಟೋಪಿ, ಚಪ್ಪಲಿ, ಚೀಲ ಮಾರುವ ಪಂತೆಲಿಸ್ ನಾನು. ಕಳೆದ ವಸಂತದಲ್ಲಿ ಬೆಟ್ಟದ ಮೇಲಿನ ನಿಮ್ಮ ಮೆತ್ಸೊವೊದ ನೇಕಾರರ ಸಂಘದಿಂದ ಉಣ್ಣೆಯ ಹೆಗಲುಚೀಲ ತರಿಸಿದ್ದೆ. ಉಳಿದವರ ಚೀಲಗಳು ತೆವಳಿಕೊಂಡು ಹೋದವು. ಒಳಮೂಲೆಯಲ್ಲಿ ಪುಟ್ಟ ಹಕ್ಕಿ ಹೊಲಿದಿದ್ದ ಅರವತ್ತು ಕೆಂಪು ಚೀಲಗಳು ಮಾತ್ರ ಜುಲೈ ಮುಗಿಯುವ ಮೊದಲೇ ಖಾಲಿ. ಆ ಹಕ್ಕಿ ಯಾರದ್ದೆಂದು ಸಂಘದ ಕಾರ್ಯದರ್ಶಿಗೆ ಮೂರು ಸಲ ಬರೆದೆ. ಮೂರನೆಯ ಸಲ, ನನ್ನ ಕಾಟ ತಾಳಲಾರದೆ, ನಿಮ್ಮ ಹೆಸರು ಕೊಟ್ಟರು.

ಒಂದು ಚೀಲ ಡಚ್ಚರವನೊಬ್ಬನ ತಲೆದಿಂಬಾಯಿತು. ಇನ್ನೊಂದರಲ್ಲಿ ಸ್ವೀಡನ್ನಿನ ಹುಡುಗಿಯೊಬ್ಬಳು ನಮ್ಮ ಬೀದಿಯ ಬೆಕ್ಕಿನ ಮರಿಯನ್ನು ಕೂರಿಸಿಕೊಂಡು ತನ್ನ ದೇಶಕ್ಕೇ ಹೊರಟುಹೋದಳು. ಬೆಕ್ಕಿನ ಯೋಗ ನೋಡಿ.

ಬರುವ ಬೇಸಿಗೆಗೆ ಇನ್ನೂ ಅರವತ್ತು ಬೇಕು, ಅದೇ ದಾಳಿಂಬೆ ಒಡೆದ ಕೆಂಪಿನಲ್ಲಿ. ಇಷ್ಟು ಕೆಂಪು ನೇಯುವವರ ಮನೆಯಲ್ಲಿ ದಿನಾ ಹಬ್ಬವೇ ಇರಬೇಕು ಎಂದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದಿ.

ಪಂತೆಲಿಸ್


ಮೆತ್ಸೊವೊ
24 ನವೆಂಬರ್ 1983

ಪಂತೆಲಿಸ್ ಅವರಿಗೆ,

ಅರವತ್ತು ಆಗುತ್ತದೆ. ಏಪ್ರಿಲ್‌ಗೆ ಕಳಿಸುತ್ತೇನೆ. ಕೆಂಪು ಬರುವುದು ಒಂದು ಗಿಡದ ಬೇರಿನಿಂದ. ಕುದಿಸುವಾಗ ಮನೆಯೆಲ್ಲ ಕೆಟ್ಟ ವಾಸನೆ. ಹಬ್ಬದ ವಿಷಯ ತಪ್ಪು. ಮನೆಯಲ್ಲಿ ನಾನು, ಒಂದು ಮಗ್ಗ, ಒಂದು ಒಲೆ. ಹೊರಗೆ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ.

ಒಂದು ಕೇಳಲೇ? ಅಷ್ಟು ದೂರದಿಂದ ಬರುವ ಆ ಜನ ನಿಮ್ಮಲ್ಲಿ ದಿನವಿಡೀ ಏನು ಮಾಡುತ್ತಾರೆ? ಇಲ್ಲಿ ಸಂಘದಲ್ಲಿ ಹೆಂಗಸರು ಮಗ್ಗದ ಮುಂದೆ ಇದನ್ನೇ ಚರ್ಚೆ ಮಾಡುತ್ತೇವೆ. ನನ್ನ ಪಕ್ಕದ ಕಲ್ಲಿಯೋಪಿ ಹೇಳುತ್ತಾಳೆ, "ಬಿಸ್ಲಲ್ಲಿ ಸುಮ್ನೆ ಬಿದ್ಕೊಂಡಿರ್ತಾರಂತೆ ಕಣೇ, ಒಣಗಾಕಿದ ಮೀನಿನ ಥರ!" ನಾನು ನಂಬಲಿಲ್ಲ. ಸುಮ್ಮನೆ ಬಿದ್ದುಕೊಳ್ಳಲು ಯಾರಾದರೂ ಹಡಗು ಹತ್ತುತ್ತಾರೆಯೇ?

ಮೆರೋಪಿ


ಪರಿಕಿಯಾ
10 ಜನವರಿ 1984

ಮೆರೋಪಿಯವರೇ,

ಕಲ್ಲಿಯೋಪಿ ಹೇಳಿದ್ದು ಸತ್ಯ. ಅವರು ಏನೂ ಮಾಡುವುದಿಲ್ಲ, ಆದರೆ ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಊರಾಚೆಯ ಲಿವಾದಿಯಾ ಮರಳಿನಲ್ಲಿ ನನ್ನವೇ ಮೂವತ್ತು ಒರಗುಮಂಚಗಳಿವೆ, ಮೇಲೆ ಹುಲ್ಲಿನ ಕೊಡೆ. ಬೆಳಗ್ಗೆ ಹತ್ತಕ್ಕೆ ಬಂದು ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಒಂದು ಮಗ್ಗುಲು ಬೆಂದ ಮೇಲೆ ಇನ್ನೊಂದು. ನಡುವೆ ನೀರಿಗೆ ಹೋಗಿ ಕಿರುಚುತ್ತಾರೆ. ಮಧ್ಯಾಹ್ನ ಮೀನು, ತಣ್ಣನೆ ವೈನು, ನಿದ್ದೆ.

ಮಲಗಿ ಬೇಸರ ಬಂದವರು ಕತ್ತೆ ಹತ್ತಿ ಚಿಟ್ಟೆ ಕಣಿವೆಗೆ ಹೋಗುತ್ತಾರೆ. ಅಲ್ಲಿ ಮರದ ತುಂಬ ಚಿಟ್ಟೆಗಳು ರೆಕ್ಕೆ ಮಡಚಿ ಮಲಗಿರುತ್ತವೆ, ಕಾವಲಿನ ಮುದುಕ ಬೈಯುತ್ತಿರುತ್ತಾನೆ: "ಚಪ್ಪಾಳೆ ಹೊಡೀಬೇಡ್ರೋ, ಅವೂ ರಜಾ ಮೇಲೆ ಬಂದಿವೆ!" ಇನ್ನು ಕೆಲವರು ದೋಣಿ ಹಿಡಿದು ಎದುರಿನ ಪುಟ್ಟ ದ್ವೀಪದ ಗುಹೆ ನೋಡಿ ಬರುತ್ತಾರೆ. ಸಂಜೆ ಸ್ನಾನ ಮಾಡಿ, ಬೆಂದ ಹೆಗಲು ತೋರಿಸಿಕೊಂಡು ನಮ್ಮ ಓಣಿಗೆ ಇಳಿಯುತ್ತಾರೆ. ಆರು ಟೋಪಿ ಹಾಕಿ ನೋಡಿ, ಮೊದಲಿನದನ್ನೇ ಕೊಳ್ಳುತ್ತಾರೆ. ಅಷ್ಟೂ ಹೊತ್ತು "ನಿಮಗೇ ಅಂತ ಹೊಲಿದಂಗಿದೆ" ಎನ್ನುವುದು ನನ್ನ ಉದ್ಯೋಗ. ಆಮೇಲೆ ಬಾರುಗಳು. ಒಂದೊಂದು ಬಾಗಿಲಿಂದ ಒಂದೊಂದು ಹಾಡು ಬಂದು ಓಣಿಯಲ್ಲಿ ಎಲ್ಲ ಒಟ್ಟಿಗೆ ಜಗಳವಾಡುತ್ತವೆ.

ನಾನು? ಆ ಮೂವತ್ತು ಮಂಚಗಳಲ್ಲಿ ಒಂದರ ಮೇಲೂ ಬೆನ್ನು ಇಟ್ಟವನಲ್ಲ. ಆಗಸ್ಟ್‌ನಲ್ಲಿ ಸಮುದ್ರಕ್ಕೆ ಇಳಿದು ಎಷ್ಟು ವರ್ಷವಾಯಿತೋ. ಹದಿನಾಲ್ಕಕ್ಕೆ ಬಂದರಿನಲ್ಲಿ ಪೆಟ್ಟಿಗೆ ಹೊರಲು ನಿಂತೆ. ಮೂವರು ತಂಗಿಯರು, ಅವರನ್ನು ದಾಟಿ ಅಣ್ಣ ಮದುವೆಯಾಗುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ. ಒಬ್ಬೊಬ್ಬಳಿಗೂ ವರದಕ್ಷಿಣೆಯಾಗಿ ಒಂದು ಮನೆ ಕಟ್ಟಿಸಿ ಕಳಿಸುವ ಹೊತ್ತಿಗೆ ನನ್ನ ತಲೆಯ ಮೇಲೆ ಬಾಚಲು ಹೆಚ್ಚೇನೂ ಉಳಿದಿರಲಿಲ್ಲ. ಈಗ ನಲವತ್ತೈದು. ಅಂಗಡಿ ಮೇಲಿನ ಎರಡು ಕೋಣೆಯಲ್ಲಿ ಒಬ್ಬನೇ.

ಬೇಸಿಗೆಯಲ್ಲಿ ಬನ್ನಿ. ವ್ಯಾಪಾರದ ಮಾತಲ್ಲ ಇದು. ನಿಮ್ಮ ಚೀಲಗಳೇ ಇಷ್ಟು ತಿರುಗಾಡಿ ಬಂದಿವೆ, ನೇಯ್ದವರು ಮಗ್ಗ ಬಿಟ್ಟು ಏಳಬಾರದೆಂದು ಯಾವ ಕಾನೂನು?

ಪಂತೆಲಿಸ್


ಮೆತ್ಸೊವೊ
2 ಮಾರ್ಚ್ 1984

ಪಂತೆಲಿಸ್ ಅವರೇ,

ಕಾಗದವನ್ನು ಸಂಘದ ಮಗ್ಗದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಚಿಟ್ಟೆ ಕಾಯುವ ಮುದುಕನಿಗೆ ಎಲ್ಲರೂ ನಕ್ಕರು. ಕೊನೆಯ ನಾಲ್ಕು ಸಾಲು ಓದಲಿಲ್ಲ. ಕಲ್ಲಿಯೋಪಿ, "ಏನೇ, ಅಲ್ಲಿಗೇ ನಿಂತ್ಯಲ್ಲ, ಮಸಿ ಚೆಲ್ಲಿದ್ಯಾ?" ಎಂದಳು.

ಸಮುದ್ರವನ್ನು ನಾನು ನೋಡಿದ್ದು ಒಂದೇ ಸಲ, ಪ್ರೆವೆಜಾ ಹತ್ತಿರ ಬಸ್ಸಿನ ಕಿಟಕಿಯಿಂದ. ಚಾಲಕ ನಿಲ್ಲಿಸಲಿಲ್ಲ.

ಮರಳಿನ ಮೇಲೆ ಮೈತುಂಬ ಬಟ್ಟೆ ಉಟ್ಟವರು ಕೂರಬಹುದೇ? ಯಾರಾದರೂ ಎಬ್ಬಿಸುತ್ತಾರೆಯೇ?

ಮೆರೋಪಿ


ಪರಿಕಿಯಾ
9 ಏಪ್ರಿಲ್ 1984

ಮೆರೋಪಿಯವರೇ,

ಚೀಲಗಳು ಬಂದವು. ಹೋದ ವರ್ಷಕ್ಕಿಂತ ಕೆಂಪು ಹೆಚ್ಚಾಗಿದೆ. ಇದು ಬೇರಿನ ಕೆಲಸವೋ ಮನಸ್ಸಿನದೋ?

ಬಟ್ಟೆಯ ಪ್ರಶ್ನೆಗೆ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ನನ್ನ ಮಂಚದ ಮೇಲೆ ನೀವು ಪಾದ್ರಿಯ ನಿಲುವಂಗಿ ತೊಟ್ಟು ಕೂತರೂ ಎಬ್ಬಿಸುವ ಗಂಡಸು ಹುಟ್ಟಿಲ್ಲ. ಆದರೆ ನಿಮ್ಮ ಕೈಯ ಬಣ್ಣ ಬಲ್ಲ ನಾನು, ನೀವು ಏನು ಉಡುತ್ತೀರೆಂದು ಊಹಿಸಬಲ್ಲೆ. ಹಡಗಿನಿಂದ ಒಂದು ಹೂದೋಟ ಇಳಿದ ಹಾಗಿರುತ್ತದೆ.

ಕೋಣೆ ನೋಡಿಟ್ಟಿದ್ದೇನೆ, ಕಿರಿಯ ತಂಗಿ ಸ್ತಮಾತಿಯ ಮನೆಯ ಮಹಡಿ. ಜನ ಎರಡು ಮಾತಾಡದ ಹಾಗೆ. ನೀರಿನ ಕಡೆ ಕಿಟಕಿ. ಗುರುತಿಗೆ ನಿಮ್ಮದೇ ಕೆಂಪು ಚೀಲ ಹೆಗಲಿಗೆ ಹಾಕಿಕೊಳ್ಳಿ. ನನ್ನ ಗುರುತು ಸುಲಭ: ಬಂದರಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವನು.

ಪಂತೆಲಿಸ್


ಮೆತ್ಸೊವೊ
20 ಜುಲೈ 1984

ಪಂತೆಲಿಸ್ ಅವರೇ,

ಸಂಘಕ್ಕೆ ದೇವಮಾತೆಯ ಹಬ್ಬದ ರಜೆ ಆಗಸ್ಟ್ ಹತ್ತರಿಂದ. ನಿಮಗೆ ಉಸಿರಾಡಲೂ ಬಿಡುವಿಲ್ಲದ ಹೊತ್ತೆಂದು ಗೊತ್ತು, ಆದರೆ ನನಗಿರುವುದು ಅದೊಂದೇ ರಜೆ. ಹನ್ನೆರಡನೇ ತಾರೀಖು, ಭಾನುವಾರ, ಮಧ್ಯಾಹ್ನದ ಹಡಗು.

ಒಂದು ಮಾತು ಮೊದಲೇ ಹೇಳಬೇಕಿತ್ತು. ಮೂರು ಸಲ ಬರೆಯಲು ಕೂತೆ. ಬಂದ ಮೇಲೆ ನೀವೇ ನೋಡುತ್ತೀರಿ.

ಮೆರೋಪಿ


ಪರಿಕಿಯಾ
16 ಆಗಸ್ಟ್ 1984

ಮೆರೋಪಿಯವರೇ,

ನೀವು ಬರಲಿಲ್ಲ.

ಹನ್ನೆರಡರ ಹಡಗು ಒಂದು ಗಂಟೆ ತಡವಾಗಿ ಬಂತು. ಗಡ್ಡ ಬೋಳಿಸಿ, ಒಗೆದ ಬಿಳಿ ಅಂಗಿ ಹಾಕಿ ನಿಂತಿದ್ದೆ. ಒಂದು ಪೆದ್ದುತನ ಒಪ್ಪಿಕೊಳ್ಳಬೇಕು. ಕೆಂಪು ಚೀಲ ಗುರುತು ಎಂದವನು ನಾನೇ, ಹೋದ ವರ್ಷ ಅರವತ್ತು ಮಾರಿದವನೂ ನಾನೇ. ಅವರಲ್ಲಿ ಎಷ್ಟೋ ಮಂದಿ ಈ ವರ್ಷ ಮತ್ತೆ ಬಂದರು, ಹೆಗಲ ಮೇಲೆ ನಿಮ್ಮ ಹಕ್ಕಿ ಹಾಕಿಕೊಂಡೇ! ಒಬ್ಬೊಬ್ಬಳ ಹತ್ತಿರವೂ ಓಡಿ "ಮೆರೋಪಿ?" ಎಂದು ಕೇಳಿದೆ. ಒಬ್ಬಳು ಅದು ಹೋಟೆಲಿನ ಹೆಸರೆಂದು ತಿಳಿದು ಪೆಟ್ಟಿಗೆ ಕೈಗೆ ಕೊಟ್ಟಳು.

ಹದಿಮೂರರ ಎರಡು ಹಡಗು ನೋಡಿದೆ. ಹದಿನಾಲ್ಕರದ್ದೂ. ಅಂದು ಬಂದರಿನ ತುಂಬ ದೇವಮಾತೆಯ ಹಬ್ಬಕ್ಕೆ ಬಂದ ಕಪ್ಪು ಬಟ್ಟೆಯ ಹೆಂಗಸರು, ಮೇಣದ ಬತ್ತಿ, ಗಂಟುಮೂಟೆ. ಅವರ ನಡುವೆ ನುಗ್ಗಿ ನುಗ್ಗಿ ಹುಡುಕಿದೆ. ಬೀದಿಯಲ್ಲಿ ಗಿರಾಕಿಗಳು ತುಂಬಿದ್ದರು, ಸ್ತಮಾತಿ ಒಬ್ಬಳೇ ಅಂಗಡಿ ನೋಡಿಕೊಂಡಳು. "ಮೂವತ್ತ್ ವರ್ಷದಲ್ಲಿ ಆಗಸ್ಟ್‌ನಾಗೆ ಅಂಗಡಿ ಬಿಟ್ಟು ಹೋಗಿದ್ದೇ ಇಲ್ಲ, ನಿಂಗೇನ್ ಜ್ವರ ಬಂದೈತೇನಣ್ಣ?" ಎಂದಳು.

ಕಾಯಿಲೆಯಾಗಿದ್ದರೆ ಒಂದು ಸಾಲು ಬರೆಯಿರಿ. ಮನಸ್ಸು ಬದಲಾಗಿದ್ದರೂ ಒಂದು ಸಾಲು ಸಾಕು. ಇವತ್ತಿನ ಹಡಗಿಗೇ ಹಾಕುತ್ತಿದ್ದೇನೆ.

ಪಂತೆಲಿಸ್


ಪರಿಕಿಯಾ
3 ಸೆಪ್ಟೆಂಬರ್ 1984

ಶ್ರೀಮತಿ ಮೆರೋಪಿಯವರಿಗೆ,

ಮುಂದಿನ ಬೇಸಿಗೆಗೆ ಉಣ್ಣೆ ಚೀಲ ಬೇಕಾಗಿಲ್ಲ. ಈಗ ಎಲ್ಲರೂ ಹತ್ತಿಯದ್ದನ್ನೇ ಕೇಳುತ್ತಿದ್ದಾರೆ. ಸಂಘಕ್ಕೂ ತಿಳಿಸಿದ್ದೇನೆ. ಇಷ್ಟು ದಿನದ ಸಹಕಾರಕ್ಕೆ ವಂದನೆಗಳು.

ಪಂತೆಲಿಸ್


ಮೆತ್ಸೊವೊ
11 ಸೆಪ್ಟೆಂಬರ್ 1984

ಪಂತೆಲಿಸ್ ಅವರೇ,

ನಾನು ಬಂದಿದ್ದೆ.

ನಿಮ್ಮ ಹದಿನಾರರ ಕಾಗದ ನಾನು ವಾಪಸು ಹೊರಟ ಹಡಗಿನಲ್ಲೇ ಬಂದಿರಬೇಕು. ಅಂಚೆಯ ಮೂಟೆಯನ್ನು ಏರಿಸುವಾಗ ನಾನು ಮೇಲಿನಿಂದ ನೋಡುತ್ತಿದ್ದೆ. ಅದಕ್ಕೆ ಉತ್ತರ ಬರೆಯಲು ಧೈರ್ಯ ಸಾಲಲಿಲ್ಲ. ಸೆಪ್ಟೆಂಬರ್ ಮೂರರ ಕಾಗದ ಬಂದಾಗ ಸಿಟ್ಟು ಬಂತು, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಗಂಡ ಸತ್ತವಳು. ಎಂಟು ವರ್ಷದಿಂದ ಕಪ್ಪು ಬಿಟ್ಟು ಬೇರೆ ಉಟ್ಟಿಲ್ಲ. ನಮ್ಮಲ್ಲಿ ಅದು ಸಾಯುವ ತನಕ. ಕೆಂಪು ನೇಯುತ್ತೇನೆ, ತೊಡುವುದಿಲ್ಲ. ಇದನ್ನೇ ಮೊದಲು ಹೇಳಬೇಕಿದ್ದದ್ದು. ನೀವು ಹೂದೋಟ ಎಂದು ಬರೆದ ಮೇಲೆ ಕೈ ಏಳಲಿಲ್ಲ.

ಹಬ್ಬದ ವಾರ ದೇವಮಾತೆಯ ಚರ್ಚಿರುವ ನಿಮ್ಮ ದ್ವೀಪಕ್ಕೆ ಹೋಗುವವಳು ಕೆಂಪು ಚೀಲ ತೋರಿಸಿಕೊಂಡು ಹೋದರೆ ಚೆನ್ನಲ್ಲವೆಂದು ಶಾಲಿನ ಒಳಗೆ ಹಾಕಿಕೊಂಡಿದ್ದೆ, ನಿಮ್ಮನ್ನು ಕಂಡಾಗ ಹೊರಗೆ ತೆಗೆಯೋಣವೆಂದು. ಹನ್ನೆರಡನೇ ತಾರೀಖು ಹಡಗಿನಿಂದ ಇಳಿದೆ. ಜೋರಾಗಿ ಕೂಗುವ ಬಿಳಿ ಅಂಗಿಯವರನ್ನು ಕಂಡೆ. ನೇರವಾಗಿ ನಿಮ್ಮ ಮುಂದೆ ಬಂದು ನಿಂತೆ. ಶಾಲಿಗೆ ಕೈ ಹಾಕಿದೆ. ನೀವು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ದೊಡ್ಡಮ್ಮಾ, ದೇವಮಾತೆ ಚರ್ಚಿಗೆ ಎಡಕ್ಕೆ ಹೋಗಿ, ಎಡಕ್ಕೆ! ಇಲ್ಲಿ ನಿಲ್ಬೇಡಿ, ಜನ ಇಳೀತಿದಾರೆ!"

ನನಗೆ ನಲವತ್ತಮೂರು. ನಿಮಗೆ ನಲವತ್ತೈದು ಎಂದು ನೀವೇ ಬರೆದದ್ದು. ಕಂಡ ಮೇಲೆ ಅದು ವಿದೇಶದವರಿಗೆ ಹೇಳುವ ಲೆಕ್ಕ ಎನ್ನಿಸಿತು.

ನಗುವೂ ಬಂತು. ಹೆಸರು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹಿಂದೆ ಚಿನ್ನದ ಕೂದಲಿನ ಒಬ್ಬಳು ಇಳಿದಳು, ಹೆಗಲಿಗೆ ನನ್ನ ಚೀಲ. ನಿಮ್ಮ ಮುಖ ಬದಲಾಯಿತು. ಆ ಮುಖವನ್ನು ನಾನು ಕಾಗದಗಳಲ್ಲಿ ಕಂಡಿದ್ದೆ, ನನ್ನ ಕಡೆಗೆ ತಿರುಗಿದ್ದು ಎಂದುಕೊಂಡಿದ್ದೆ. ಅವಳ ಹತ್ತಿರ ಓಡಿ ನನ್ನ ಹೆಸರು ಕೇಳಿದಿರಿ. ನಾನು ಎಡಕ್ಕೆ ಹೋದೆ.

ಚರ್ಚಿನ ಅಂಗಳದಲ್ಲಿ ಬೇರೆ ಹೆಂಗಸರ ಜೊತೆ ಕಂಬಳಿ ಹಾಸಿ ಮಲಗಿದೆ. ನಾಲ್ಕು ರಾತ್ರಿ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಲ್ಲಿ ನನ್ನಂಥವರು ಇನ್ನೂರು ಮಂದಿ.

ಆದರೂ ರಜೆಗೆಂದು ಬಂದವಳು, ರಜೆ ಮಾಡಿಯೇ ಹೋಗೋಣವೆಂದುಕೊಂಡೆ. ಬೆಳಗಿನ ಜಾವ, ಯಾರೂ ಇಲ್ಲದಾಗ, ನಿಮ್ಮ ಮಂಚಗಳನ್ನು ಹುಡುಕಿಕೊಂಡು ಹೋದೆ. ಬೂಟು ಸಮೇತ ಒಂದರ ಮೇಲೆ ಮಲಗಿದೆ. ಬೆನ್ನಿಗೆ ಹಿತವಾಗಿದೆ, ನೀವೂ ಒಮ್ಮೆ ಮಲಗಿ ನೋಡಬೇಕು. ಆಮೇಲೆ ಬೂಟು ಬಿಚ್ಚಿಟ್ಟು, ಲಂಗ ಎತ್ತಿಕೊಂಡು ಮೊಣಕಾಲಿನ ತನಕ ಇಳಿದೆ. ಒಂದು ಅಲೆ ಬಂತು. ಲಂಗ ಬಿಟ್ಟೆ. ಎದೆಮಟ್ಟ ನಿಂತೆ. ಕಪ್ಪು ಬಟ್ಟೆ ನೀರಿನಲ್ಲಿ ನನ್ನ ಸುತ್ತ ಅರಳಿಕೊಂಡಿತು. ಗಟ್ಟಿಯಾಗಿ ನಕ್ಕೆ. ಕೇಳುವವರು ಯಾರೂ ಇರಲಿಲ್ಲ, ನೀವು ಬರೆದ ಹಾಗೆ ಕಿರುಚಿಯೂ ನೋಡಿದೆ.

ಸಂಜೆ ನಿಮ್ಮ ಓಣಿಗೆ ಬಂದೆ. ಬಾರಿನ ಬಾಗಿಲಲ್ಲಿ ನಿಂತಿದ್ದವನು, "ಬನ್ನಿ ಚಿಕ್ಕಮ್ಮ, ಒಂದು ಕುಣಿತ ಆಗ್ಲಿ!" ಎಂದು ಹಾಸ್ಯ ಮಾಡಿದ. "ನಾನು ಕುಣಿಯೋಕ್ ಶುರು ಮಾಡಿದ್ರೆ ನಿನ್ ಅಂಗಡಿ ಖಾಲಿಯಾಗತ್ತೆ ಕಣಪ್ಪ" ಎಂದೆ. ಅವನು ಕುರ್ಚಿ ತಂದು ಹಾಕಿದ, ನಿಂಬೆ ಶರಬತ್ತು ಕೊಟ್ಟ. ಒಂದು ಗಂಟೆ ಕೂತೆ. ಹುಡುಗಿಯರು ಕೈ ಮೇಲೆತ್ತಿ ಕುಣಿಯುವುದನ್ನು ನೋಡಿದೆ. ಹಾಡುಗಳು ನಿಜಕ್ಕೂ ಜಗಳವಾಡುತ್ತವೆ.

ಹದಿನಾಲ್ಕರಂದು ನಿಮ್ಮ ಅಂಗಡಿಗೂ ಹೋದೆ. ನೀವಿರಲಿಲ್ಲ. ಬೆರಳು ಕಾಣುವ ಚಪ್ಪಲಿ ಕೇಳಿದೆ, ಜೀವಮಾನದಲ್ಲಿ ತೊಟ್ಟಿಲ್ಲ. ನಿಮ್ಮ ತಂಗಿ ಮೊಣಕಾಲೂರಿ ಕೂತು ಪಟ್ಟಿ ಕಟ್ಟಿದರು. "ಮಾಲೀಕರು ಎಲ್ಲಿ?" ಎಂದೆ.

"ಅಯ್ಯೋ ಬಿಡಿ ಅಮ್ಮಾ! ನಮ್ಮಣ್ಣನಿಗೆ ಈ ವಾರ ತಲೆ ನೆಟ್ಟಗಿಲ್ಲ. ಯಾವ ಹಡಗು ಬಂದ್ರೂ ಓಡ್ತಾನೆ. ಯಾರೋ ಬೆಟ್ಟದ ಕಡೆಯವಳು ಬರ್ತಾಳಂತೆ. ಬಂದ್ರೆ ಅವಳ್ನ ಒಂದ್ ಸಲ ಚೆನ್ನಾಗ್ ಬೈಬೇಕು ಅಂತ ಕಾಯ್ತಾ ಇದೀನಿ."

"ಬೈರಿ, ಬೈರಿ" ಎಂದೆ.

ಹೊಸ ಚಪ್ಪಲಿಯಲ್ಲೇ ಬಂದರಿಗೆ ನಡೆದೆ. ಹದಿನಾಲ್ಕರ ಹಡಗು ಆಗಷ್ಟೇ ತಿರುಗಿಕೊಳ್ಳುತ್ತಿತ್ತು. ನೀವು ಮುಂದೆ ನಿಂತಿದ್ದಿರಿ, ನಿಮ್ಮ ಬೆನ್ನ ಹಿಂದೆ ನಾನು, ನಡುವೆ ನಾಲ್ಕು ಹೆಜ್ಜೆ. ನೀವು ನನ್ನನ್ನು ಹುಡುಕುತ್ತ ಹಡಗಿನ ಕಡೆ ನೋಡುತ್ತಿದ್ದಿರಿ. ಕತ್ತಿನ ಹಿಂದೆ ಬಿಸಿಲಿಗೆ ಸುಟ್ಟಿತ್ತು. ಕೊರಳ ಪಟ್ಟಿ ಒಂದು ಕಡೆ ಮಡಚಿಕೊಂಡಿತ್ತು; ಸರಿಮಾಡಲು ಕೈ ಹೋಯಿತು. ಕರೆದರೆ ತಿರುಗುತ್ತೀರಿ, ತಿರುಗಿದಾಗ ಆ ಮುಖ ಇಳಿದುಹೋಗುವುದನ್ನು ನಾನು ನೋಡಬೇಕು. ಎಡಕ್ಕೆ ಹೋಗಿ ಎಂದದ್ದನ್ನು ತಾಳಿಕೊಂಡೆ. ಇದನ್ನು ತಾಳುತ್ತಿರಲಿಲ್ಲ.

ತಪ್ಪು ನಿಮ್ಮದೆಂದು ಬರೆಯುತ್ತಿಲ್ಲ. ಬಂದಿದ್ದೆ ಎಂದಷ್ಟೇ ಬರೆಯುತ್ತಿದ್ದೇನೆ. ಮಾತು ತಪ್ಪಿದವಳೆಂದು ನೀವು ತಿಳಿಯಬಾರದು.

ಮೆರೋಪಿ


ಪರಿಕಿಯಾ
29 ಅಕ್ಟೋಬರ್ 1984

ಮೆರೋಪಿಯವರೇ,

ಉತ್ತರಕ್ಕೆ ಏಳು ವಾರ ಹಿಡಿಯಿತು. ಮಾತಿನಿಂದಲೇ ಹೊಟ್ಟೆ ಹೊರೆದವನಿಗೆ ಮಾತು ಸಿಗಲಿಲ್ಲ. ಒಂಬತ್ತು ಕಾಗದ ಬರೆದೆ, ಒಂಬತ್ತೂ ಅಂಗಡಿಯ ಮಾತಿನ ಹಾಗೆ ಕೇಳಿಸಿದವು, ಹರಿದೆ.

ಆ ದಿನ ದೊಡ್ಡಮ್ಮ ಎಂದದ್ದು ನನಗೆ ನೆನಪೇ ಇಲ್ಲ. ಇದೇ ಎಲ್ಲಕ್ಕಿಂತ ಕೆಟ್ಟದ್ದು. ಎಷ್ಟು ನೆನಪು ಮಾಡಿಕೊಂಡರೂ ಬರುವುದು ಒಂದು ಕಪ್ಪು ಶಾಲು ಮಾತ್ರ, ಅದರ ಮೇಲೆ ಮುಖವಿಲ್ಲ. ಮೂವತ್ತೆಂಟು ವರ್ಷದಿಂದ ಆ ಬಂದರಿನಲ್ಲಿ ನಿಂತು ಇಳಿಯುವವರನ್ನು ಒಂದೇ ನೋಟಕ್ಕೆ ವಿಂಗಡಿಸುತ್ತೇನೆ: ಇವರು ಕೋಣೆಗೆ, ಇವರು ಟೋಪಿಗೆ, ಇವರು ಚರ್ಚಿಗೆ. ಒಮ್ಮೆಯೂ ತಪ್ಪಿಲ್ಲವೆಂದು ಕಾಫಿ ಅಂಗಡಿಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಹದಿನಾಲ್ಕಕ್ಕೆ ಮೂವತ್ತೆಂಟು ಸೇರಿಸಿ. ಐವತ್ತೆರಡು, ನಲವತ್ತೈದಲ್ಲ.

ಪ್ರವಾಸಿಗರೆಲ್ಲ ಹೋಗಿ ಅಂಗಡಿಯ ಬಾಗಿಲು ಮುಚ್ಚಿದ ಮೇಲೆ, ಹೋದ ವಾರ, ಲಿವಾದಿಯಾಕ್ಕೆ ಹೋದೆ. ಮಂಚಗಳನ್ನು ಒಳಗೆ ಸಾಗಿಸಬೇಕಿತ್ತು. ಇಪ್ಪತ್ತೊಂಬತ್ತು ಸಾಗಿಸಿದೆ. ಕೊನೆಯದರ ಮೇಲೆ ಮಲಗಿದೆ. ನಿಮ್ಮದು ಇದೇ ಇರಬಹುದೆಂದು ಕಣ್ಣು ಮುಚ್ಚಿದೆ. ಎಷ್ಟು ಹೊತ್ತಾಯಿತೋ. ಸ್ತಮಾತಿ ಹುಡುಕಿಕೊಂಡು ಬಂದು ದೂರದಿಂದಲೇ ಚೀರಿದಳು: "ಅಣ್ಣಾ! ಲೋ ಅಣ್ಣಾ! ಉಸಿರಾಡ್ತಿದೀಯಾ?" ಮಲಗಿದ ನನ್ನನ್ನು ಅವಳು ಹಗಲಲ್ಲಿ ಕಂಡದ್ದಿಲ್ಲ.

ನಿಮ್ಮ ಕಾಗದ ಅವಳ ಕೈಗೆ ಕೊಟ್ಟೆ. ಮರಳಿನ ಮೇಲೆ ಕೂತು ಓದಿದಳು. ಓದಿ, ಮಡಚಿ ನನ್ನ ಕೈಗಿಟ್ಟಳು.

"ಆ ಅಮ್ಮಾನಾ ಇವ್ರು? ಸಣ್ಣ ಪಾದ. ಪಟ್ಟಿ ಕಟ್ಟುವಾಗ ಕಾಲು ನಡುಗ್ತಿತ್ತು, ಚಳಿಯೇನೋ ಅಂದ್ಕೊಂಡೆ. ಆಗಸ್ಟ್‌ನಲ್ಲಿ ಎಲ್ಲಿಯ ಚಳಿ, ಪೆದ್ದಿ ನಾನು."

"ಮುಖ ಹೆಂಗಿತ್ತು, ಹೇಳೇ."

"ಹೇಳಲ್ಲ. ನಿನ್ ಮುಂದೇನೇ ಬಂದು ನಿಂತಿದ್ರಲ್ಲ. ಹೋಗಿ ನೋಡ್ಕೋ."

ಎಷ್ಟು ಬೇಡಿದರೂ ಹೇಳಲಿಲ್ಲ. ತಂಗಿಯರಲ್ಲಿ ಇವಳಿಗೇ ಎಲ್ಲರಿಗಿಂತ ದೊಡ್ಡ ಮನೆ ಕಟ್ಟಿಸಿದ್ದು, ಅದರ ಫಲ ಇದು.

ಆದ್ದರಿಂದ ಬರುತ್ತಿದ್ದೇನೆ. ಬೇಡವೆಂದರೆ ಕೂಡಲೇ ತಂತಿ ಕೊಡಿ, ನಿಲ್ಲುತ್ತೇನೆ. ತಂತಿ ಬರದಿದ್ದರೆ ನವೆಂಬರ್ ಹದಿನೆಂಟು, ಭಾನುವಾರ, ಬೆಳಗಿನ ಪೂಜೆ ಮುಗಿದು ನಿಮ್ಮ ಚರ್ಚು ಬಿಡುವ ಹೊತ್ತಿಗೆ ಚೌಕದಲ್ಲಿರುತ್ತೇನೆ. ಬಸ್ಸಿನ ಹತ್ತಿರ ಬರಬೇಡಿ. ಕೆಂಪು ಚೀಲ ಹಾಕಿಕೊಳ್ಳಬೇಡಿ, ನಮ್ಮ ಚಪ್ಪಲಿಯೂ ಬೇಡ. ಕಲ್ಲಿಯೋಪಿಗೆ ಹೇಳಿ ಸನ್ನೆ ಮಾಡಿಸಬೇಡಿ. ನಿಮ್ಮೂರಿನ ಹೆಂಗಸರೆಲ್ಲ ಕಪ್ಪು ಉಟ್ಟು ಒಟ್ಟಿಗೆ ಮೆಟ್ಟಿಲು ಇಳಿಯುತ್ತಾರಂತೆ. ನೀವೂ ಅವರ ನಡುವೆ ಇಳಿಯಿರಿ. ನಾನು ಕೂಗುವುದಿಲ್ಲ. ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ.

ತಪ್ಪಿದರೆ ಸುಮ್ಮನೆ ಮನೆಗೆ ಹೋಗಿ. ಮುಂದಿನ ಭಾನುವಾರವೂ ಅಲ್ಲೇ ನಿಂತಿರುತ್ತೇನೆ. ಏಪ್ರಿಲ್ ತನಕ ನನಗೆ ಬೇರೆ ಕೆಲಸವಿಲ್ಲ.

ಪಂತೆಲಿಸ್